ಚಂದ್ರಾಮಪ್ಪನ ಳ

ಪಾಸ್‌ವರ್ಡಿನ ಬೀಗ ಹಾಕಿದ ಜಾಗ ಹೊರಗಿನವರಿಗೆ ಖಾಲಿ ಕಾಣಬೇಕು ಎಂದೇ ಚಂದ್ರಾಮಪ್ಪ ತನ್ನ ಕಂಪ್ಯೂಟರಿನಲ್ಲಿ ಆ ಏರ್ಪಾಡು ಮಾಡಿದ್ದ. ಅದು ಖಾಲಿಯೇ ಕಂಡಿತು. ತಮ್ಮ ಮಲ್ಕಪ್ಪ ಅಲ್ಲಿ ಆಟ, ಹಾಡು ತುಂಬಿಕೊಂಡ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರ ಕೇಳಿದಾಗ ಹೌದು ಎಂದು ಒತ್ತಿದ್ದ.

ಒಳಗಿದ್ದದ್ದು ಅಣ್ಣನ ಅಕ್ಷರಗಳು.

ಆಳಂದದಿಂದ ಜೇವರ್ಗಿವರೆಗೆ ಅಂಗಡಿ ಬೋರ್ಡು ಬರೆದವನು ಚಂದ್ರಾಮಪ್ಪ. ಖಜೂರಿ ರಸ್ತೆಯ ಟ್ರಕ್ಕುಗಳ ಹಿಂದೆಯೂ ಅವನದೇ ಕೈ. ಕಣ್ಣು ಮಂಜಾಗತೊಡಗಿದಾಗ ಏಣಿ ಹತ್ತುವುದು ಬಿಟ್ಟು, ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು, ಅಚ್ಚಿಗೆ ಬೇಕಾದ ಅಕ್ಷರಗಳನ್ನು, ಫಾಂಟ್ ಅನ್ನುತ್ತಾರಲ್ಲ ಅದನ್ನು, ಅದರಲ್ಲಿ ಬರೆಯತೊಡಗಿದ. ಮೊದಲ ಸಲ ಬರೆದದ್ದನ್ನು ನೋಡಿ ಹೇಳುತ್ತೇವೆಂದು ಕಲಬುರ್ಗಿಯ ಪ್ರೆಸ್ಸಿನವರು ತೆಗೆದುಕೊಂಡು, ಬೇರೆ ಹೆಸರಿಟ್ಟು ಮಾರಿಬಿಟ್ಟರು. ಎರಡನೇ ಸಲ ಅವನು ಕಂಪ್ಯೂಟರಿನಲ್ಲಿ ಬೀಗ ಹಾಕುವುದನ್ನು ಕಲಿತ. ಫ್ಲಾಪಿಯಲ್ಲಿ ಕೂಡ ಒಂದು ಪ್ರತಿ ಇಡಲಿಲ್ಲ, ಕಳ್ಳರ ಕೈಗೆ ಸಿಕ್ಕೀತೆಂದು. ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಅವನಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ಕಾಣುತ್ತಿತ್ತು. ಧಾರವಾಡದ ಒಬ್ಬ ಪ್ರಕಾಶಕ ಅವನ ಹೆಸರಿನಲ್ಲೇ ತೆಗೆದುಕೊಳ್ಳುವುದಾಗಿ ಒಪ್ಪಿದ್ದ. ಇನ್ನು ಒಂದು ಅಕ್ಷರವನ್ನೂ ಅವನು ಹೊಸದಾಗಿ ಬರೆಯಲಾರ. ಇದು ಹೆಂಡತಿ ಗುರುಬಾಯಿಗೆ ಗೊತ್ತಿತ್ತು.

“ವೈನಿ, ಅದು ಖಾಲಿ ಅಂತ ತೋರಿಸ್ತಿತ್ತು,” ಎಂದ ಮಲ್ಕಪ್ಪ ಅತ್ತಿಗೆಗೆ.

“ನಿನ್ನ ತಲಿನೂ ಹಂಗೇ ತೋರಿಸ್ತದ. ಅದರಾಗೂ ಏನರ ತುಂಬ್ಲೇನು?” ಎಂದಳು ಗುರುಬಾಯಿ. ಮಲ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಕಂಪ್ಯೂಟರ್ ರಿಪೇರಿಯ ಚಮನಸಾಬ ಕಲಬುರ್ಗಿಯಿಂದ ಬಸ್ಸಿಗೆ ಬಂದಿದ್ದ. ಯಂತ್ರದ ಮುಂದೆ ಕುಳಿತು ಬಹಳ ಹೊತ್ತು ಕೀಲಿ ಒತ್ತಿ ಒತ್ತಿ ನೋಡಿದ.

“ಹೇಳ್ರಿ ಸಾಬರ,” ಎಂದ ಚಂದ್ರಾಮಪ್ಪ. “ಸುಳ್ಳ ಹೇಳಬ್ಯಾಡ್ರಿ.”

“ಇದು ಹೊಲ ಇದ್ದಂಗ ಅಣ್ಣಾರ. ನಡುವಿನ ಬದು ಒಡದಾರ, ಎರಡೂ ಹೊಲ ಕೂಡ್ಯಾವ. ನಾ ಬದು ಮತ್ತ ಇದ್ದಲ್ಲೇ ಹಾಕ್ತೇನಿ. ಆದ್ರ ನಿಮ್ಮ ಬೆಳಿ ಮ್ಯಾಲ ಅವರು ನೇಗಿಲಾ ಎಷ್ಟು ಹೊಡದಾರ, ನಿಮ್ಮ ಬೀಗಾ ತಗದ ಮ್ಯಾಲೇ ತಿಳೀತದ.”

“ಪೂರಾ ಹೊಡದಿರಂಗಿಲ್ಲ.”

“ಅಲ್ಲಾ ಇಟ್ಟಂಗ.”

ಬದು ಹಾಕಲು ಮಧ್ಯಾಹ್ನವಾಯಿತು. ಯಂತ್ರ ಮತ್ತೆ ಶುರುವಾಗಿ ಪಾಸ್‌ವರ್ಡ್ ಕೇಳಿತು. ಚಂದ್ರಾಮಪ್ಪ ತಡಕಾಡಿ ಕುರ್ಚಿಯಲ್ಲಿ ಕುಳಿತ. ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಅವು ತಮ್ಮ ದಾರಿ ಹಿಡಿದು ನಡೆದವು.

“ಏನ ಬಂತು?”

ಪರದೆಯ ಮೇಲೆ ಫೈಲುಗಳ ಹೆಸರಿನ ಸಾಲು ಬರಬೇಕಿತ್ತು. ಬಂದದ್ದು ಮುರುಕು ಗೆರೆ, ಚುಕ್ಕಿ, ಚೌಕ. ಚಮನಸಾಬ ಒಂದನ್ನು ತೆರೆದ, ಅದರೊಳಗೂ ಅದೇ. ಮತ್ತೊಂದನ್ನು ತೆರೆದ. ಆಮೇಲೆ ಗುರುಬಾಯಿಯ ಕಡೆ ತಿರುಗಿ, ಸದ್ದಿಲ್ಲದೆ ಕೈ ಅಡ್ಡ ಆಡಿಸಿದ.

ಗಂಡ ವಾರದಿಂದ ಅರ್ಧ ರೊಟ್ಟಿ ತಿಂದು ಏಳುತ್ತಿದ್ದ. ಮುಖ ಪರದೆಗೆ ಹಚ್ಚಿಕೊಂಡೇ ಕುಳಿತಿದ್ದ, ನೋಡುವವನ ಹಾಗೆ. ಗುರುಬಾಯಿ ಚಮನಸಾಬನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

“ಬಂದಾವ್ರಿ,” ಎಂದಳು.

“ಖರೆ?”

“ಖರೇನ. ಎಲ್ಲಾ ಸಾಲಿಗೆ ನಿಂತಾವ.”

ಚಂದ್ರಾಮಪ್ಪನ ಬಿಗಿದಿದ್ದ ಹೆಗಲು ಸಡಿಲವಾದವು. ಚಮನಸಾಬ ತನ್ನ ಸ್ಕ್ರೂಡ್ರೈವರನ್ನು ಒರೆಸುತ್ತ ಕುಳಿತ, ಅದಕ್ಕೇನೂ ಹೊಲಸು ಹತ್ತಿರಲಿಲ್ಲ.

“ಳ ನೋಡು. ಹ್ಯಾಂಗದ ಹೇಳು.”

ಗುರುಬಾಯಿ ಹೆದರಲಿಲ್ಲ. ಗಂಡನ ಳ ಅವಳಿಗೆ ಗೊತ್ತಿರಲಿಲ್ಲವೇ? ಬಸ್‌ಸ್ಟ್ಯಾಂಡಿನ ಎದುರಿನ ಪ್ರತಿ ಬೋರ್ಡಿನಲ್ಲೂ ‘ಆಳಂದ’ ಎಂದು ಅವನೇ ಬರೆದಿದ್ದ.

“ಚಂದ ಅದ್ರಿ. ಬಾಲ ಉದ್ದ ಕೆಳಗಿಳದು, ಕೊಕ್ಕಿ ಹಂಗ ಹೊಳ್ಳಿ ಮ್ಯಾಲ ಬಂದದ.”

ಚಂದ್ರಾಮಪ್ಪ ಕೀಲಿಮಣೆಯ ಮೇಲಿದ್ದ ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಅದು ಬೋರ್ಡಿನ ಳ ಬೇ,” ಎಂದ. “ಸಣ್ಣ ಅಚ್ಚಿನಾಗ ಆ ಬಾಲ ಕೆಳಗಿನ ಸಾಲಿಗೆ ಬಡೀತಿತ್ತು. ಕಡದು ಹಾಕಿದ್ದೆ. ಕಂಪ್ಯೂಟರಿನಾಗಿನ ಳಕ್ಕ ಬಾಲ ಇರಲಿಲ್ಲ.”

ಅವನು ಚಮನಸಾಬನ ಕಡೆ ಮುಖ ತಿರುಗಿಸಿದ.

“ಸಾಬರ, ಎಷ್ಟು ಉಳದಾವ?”

“ಒಂದೂ ಇಲ್ರಿ ಅಣ್ಣಾರ.”

“ಮತ್ತ ನೀವ್ಯಾಕ ಬಾಯಿ ಬಿಡಲಿಲ್ಲ?”

“ಅಕ್ಕಾರ...”

“ಅಕಿದೇನ್ರಿ, ಅಕಿ ಹೇಣ್ತಿ. ನೀವು ಮೆಕ್ಯಾನಿಕ್.”

ಚಮನಸಾಬ ತಲೆ ತಗ್ಗಿಸಿದ. ಗುರುಬಾಯಿಗೆ ಅಳು ಬರಲಿಲ್ಲ; ಸಿಟ್ಟು ಬಂತು. ಆ ಬಾಲವನ್ನು ಕಡಿದಾಗ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಕಳ್ಳರಿಗೆಂದು ಬೀಗ ಹಾಕಿದವನು ಹೆಂಡತಿಗೂ ಹಾಕಿದ್ದ.

“ನನಗರ ಒಮ್ಮಿ ತೋರ್ಸಿದ್ರ ನೆನಪಿಟ್ಕೋತಿದ್ನಲ್ರಿ,” ಎಂದಳು.

“ಹೌದು,” ಎಂದ ಅವನು.

ಚಮನಸಾಬ ಚೀಲ ಕಟ್ಟಿಕೊಂಡು ಹೊರಟ. ಕೂಲಿ ಕೊಡಲು ಹೋದರೆ ಮುಟ್ಟಲಿಲ್ಲ. ಯಂತ್ರ ಇನ್ನೂ ಗುಂಯ್‌ಗುಡುತ್ತಿತ್ತು. ಚಂದ್ರಾಮಪ್ಪನೇ ಕೈಚಾಚಿ ಗುಂಡಿ ಹುಡುಕಿ ಆರಿಸಿದ.

ಕುರುಡನೆಂದು ಸರ್ಟಿಫಿಕೇಟ್ ತಂದರೆ ಹೊಟ್ಟೆಪಾಡಿಗೆ ಸರಕಾರದಿಂದ ಟೆಲಿಫೋನ್ ಬೂತ್ ಸಿಗುತ್ತದೆಂದು ಗುರುಬಾಯಿ ವರ್ಷದಿಂದ ಹೇಳುತ್ತಲೇ ಇದ್ದಳು. ಆ ಮಾತು ಎತ್ತಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ಈಗ ತಾನೇ ಎತ್ತಿದ.

“ನಾಳಿ ದವಾಖಾನಿಗಿ ಹೋಗೂಣು. ಕುರುಡ ಅಂತ ಬರಸ್ಕೊಂಡು ಬರೂಣು.”

“ಹೂಂ ರಿ.”

“ಹೆಬ್ಬೆಟ್ಟು ಒತ್ತು ಅಂತಾರ ಅವರು. ಒತ್ತಂಗಿಲ್ಲ. ಸಹಿ ನಾನ ಮಾಡ್ತೇನಿ. ಜಾಗ ಎಲ್ಲದ ಅಂತ ನೀ ನನ್ನ ಬೆರಳ ಹಿಡದು ಅಲ್ಲಿಡು.”