ನಾಲ್ಕನೇ ಬಜರಿನ ಹಠ

ನಾನು ಒಂದು ಬಜರ್. ರಸಪ್ರಶ್ನೆ ಸ್ಪರ್ಧೆಯಲ್ಲಿ ಉತ್ತರ ಗೊತ್ತಿದ್ದವರು ಗಬಕ್ಕನೆ ಒತ್ತುತ್ತಾರಲ್ಲ, ಒತ್ತಿದೊಡನೆ ಕಿವಿ ಹರಿಯುವಂತೆ ಅರಚುತ್ತದಲ್ಲ, ಅದೇ. ನನಗೆ ಇಂಪಾದ ದನಿ ಇಲ್ಲ, ಇರಬೇಕೆಂಬ ಆಸೆಯೂ ಇಲ್ಲ. ಕೋಗಿಲೆ ಬೇಕಾದವರು ಮಾವಿನ ತೋಪಿಗೆ ಹೋಗಲಿ.

ನಾನು ಹುಟ್ಟಿದ್ದು ಗದಗಿನಲ್ಲಿ, ಕಾಳಪ್ಪ ಪತ್ತಾರನ ರೇಡಿಯೊ ರಿಪೇರಿ ಅಂಗಡಿಯಲ್ಲಿ. ಚಹಾಪುಡಿ ತುಂಬಿ ಬಂದಿದ್ದ ಪ್ಲೈವುಡ್ ಪೆಟ್ಟಿಗೆಯನ್ನು ಕೊಯ್ದು ಅವನು ನನಗೆ ಮೈ ಮಾಡಿದ. ಯಾರದೋ ಮನೆಯ ಹಳೇ ಕರೆಗಂಟೆಯಿಂದ ಗಂಟಲು ತಂದ. ತಲೆಯ ಮೇಲೆ ಕೆಂಪು ಗುಂಡಿ, ಪಕ್ಕದಲ್ಲಿ ಪುಟ್ಟದೊಂದು ದೀಪ. ನಾವು ಆರು ಜನ ಅಣ್ಣತಮ್ಮಂದಿರು, ನಾನು ನಾಲ್ಕನೆಯವನು. ಆರೂ ಜನರನ್ನು ತಂತಿಯಿಂದ ಜೋಡಿಸಿ ಕಾಳಪ್ಪ ಒಂದು ಕೈಚಳಕ ತೋರಿಸಿದ್ದ. ನಮ್ಮಲ್ಲಿ ಯಾರನ್ನು ಮೊದಲು ಒತ್ತುತ್ತಾರೋ ಅವನ ದೀಪ ಮಾತ್ರ ಹತ್ತುತ್ತದೆ, ಅವನೊಬ್ಬನೇ ಕೂಗುತ್ತಾನೆ. ಒತ್ತಿದವರು ಕೈ ತೆಗೆಯುವ ತನಕ ಉಳಿದ ಐವರ ಬಾಯಿ ಬಂದ್. ಹಣೆಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಆರೂ ಜನರನ್ನು ಗೋಣಿಚೀಲದಲ್ಲಿ ಹಾಕಿ ಜ್ಞಾನದೀಪ ಬಳಗಕ್ಕೆ ಕಳಿಸಿಕೊಟ್ಟ.

ಈ ಬಳಗದ ಕಥೆ ಸ್ವಲ್ಪ ಹೇಳಬೇಕು. ಊರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮಿಸ್ ಡೆಂಪ್ಸಿ ಎಂಬ ಐರ್ಲೆಂಡಿನ ಹೆಂಗಸು ಮೂವತ್ತು ವರ್ಷ ಪಾಠ ಮಾಡಿದ್ದಳಂತೆ. ಸಾಯುವ ಮುಂಚೆ ಬಳಗಕ್ಕೆ ಒಂದು ಬೆಳ್ಳಿಯ ಶೀಲ್ಡ್ ಕೊಟ್ಟಳು, ಜೊತೆಗೆ ಕೈಬರಹದ ಪ್ರಶ್ನೆಗಳಿದ್ದ ಒಂದು ಪೆಟ್ಟಿಗೆ. ಅವಳದು ಒಂದೇ ಕರಾರು: ವರ್ಷಕ್ಕೊಮ್ಮೆ ರಸಪ್ರಶ್ನೆ ನಡೆಯಬೇಕು, ಅದರಲ್ಲಿ ಒಂದು ಸುತ್ತು ಜಗತ್ತಿನ ಭಾಷೆಗಳದ್ದು, ಕೊನೆಯ ಸುತ್ತು ಐರ್ಲೆಂಡಿನದು. ಹಾಗಾಗಿ ಗದಗಿನ ಜನಕ್ಕೆ ಒಂದು ವಿಚಿತ್ರ ವಿದ್ಯೆ ಅಂಟಿಕೊಂಡಿತು. ಪಕ್ಕದ ಊರಿನ ಹಳ್ಳದ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವರು, ಡಬ್ಲಿನ್ ನಗರದಲ್ಲಿ ಹರಿಯುವ ನದಿ ಯಾವುದೆಂದರೆ ನಿದ್ದೆಗಣ್ಣಲ್ಲೂ "ಲಿಫಿ" ಎನ್ನುತ್ತಿದ್ದರು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು, ಕಲ್ಲಿನ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಓದುವ ಓಗಮ್ ಲಿಪಿಯ ಬಗ್ಗೆ ಜಗಳ ಆಡುತ್ತಿದ್ದರು.

ಬಳಗದ ಅಧ್ಯಕ್ಷರು ಚನ್ನಬಸಪ್ಪ ಮುಳಗುಂದ ಸರ್. ನಿವೃತ್ತ ಹೆಡ್‌ಮಾಸ್ತರು, ಶಿವಭಕ್ತರು, ಒಳ್ಳೆಯವರು. ತಪ್ಪು ಒಪ್ಪಿಕೊಳ್ಳುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಮಿಸ್ ಡೆಂಪ್ಸಿಯ ಇಂಗ್ಲಿಷ್ ಚೀಟಿಗಳನ್ನು ಅವರೇ ಕನ್ನಡಕ್ಕೆ ಇಳಿಸಿ, ಉತ್ತರಗಳ ಸಮೇತ ಒಂದು ಗೈಡ್ ಅಚ್ಚು ಹಾಕಿಸಿದ್ದರು. ಮೂಲ ಚೀಟಿಗಳನ್ನು ಗೆದ್ದಲು ತಿಂದ ಮೇಲೆ ಗೈಡೇ ವೇದವಾಯಿತು, ಸ್ಪರ್ಧೆಯ ಚೀಟಿಗಳನ್ನೂ ಅದರಿಂದಲೇ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಗೈಡಿನಲ್ಲಿ ಇದ್ದದ್ದೇ ಸರಿ, ಅದನ್ನು ಬಾಯಿಪಾಠ ಮಾಡಿದವರೇ ಜಾಣರು.

ಆ ವೇದದಲ್ಲಿ ಒಂದು ಸುಳ್ಳು ಇತ್ತು. ಐರ್ಲೆಂಡಿನ ರಾಷ್ಟ್ರಲಾಂಛನ ಯಾವುದು ಎಂಬ ಪ್ರಶ್ನೆಗೆ ಸರ್ "ಶ್ಯಾಮ್‌ರಾಕ್" ಎಂದು ಬರೆದಿದ್ದರು. ಅದು ಮೂರೆಲೆಯ ಒಂದು ಪುಟ್ಟ ಸೊಪ್ಪು. ಅಲ್ಲಿಯವರು ಹಬ್ಬದ ದಿನ ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮೂರೆಲೆ ಕಂಡದ್ದೇ ನಮ್ಮ ಸರ್ ಮನಸ್ಸು ಬಿಲ್ವಪತ್ರೆಯ ಕಡೆ ಓಡಿತು. ಪ್ರತಿವರ್ಷ ವೇದಿಕೆಯಲ್ಲಿ ಅದೊಂದು ಭಾಷಣ. "ನೋಡ್ರಿ, ಸಮುದ್ರದ ಆಚಿ ದೇಶದಾಗೂ ನಮ್ಮ ಪತ್ರಿಗೇ ಮರ್ಯಾದಿ!" ಜನ ಚಪ್ಪಾಳೆ ತಟ್ಟುತ್ತಿದ್ದರು, ಇಬ್ಬರು ಮೂವರು ಕೈ ಮುಗಿಯುತ್ತಿದ್ದರು. ಆದರೆ ಐರ್ಲೆಂಡಿನ ಲಾಂಛನ ಸೊಪ್ಪಲ್ಲ, ಹಾರ್ಪ್ ಎಂಬ ತಂತಿವಾದ್ಯ. ಭಕ್ತಿಗೆ ನಾನು ಅಡ್ಡ ಬರುವವನಲ್ಲ. ಭಕ್ತಿ ಬೇರೆ, ಉತ್ತರ ಬೇರೆ.

ಮೊದಲ ಕೆಲವು ವರ್ಷ ನನ್ನ ಮೇಲೆ ಎಂಥೆಂಥವರ ಕೈ ಬಿದ್ದವು! ಬ್ಯಾಂಕಿನವರು ಬೆರಳ ತುದಿಯಿಂದ ಮುಟ್ಟುತ್ತಿದ್ದರು, ನಾನು ಕಚ್ಚುತ್ತೇನೋ ಎಂಬಂತೆ. ಹತ್ತಿ ದಲಾಲಿಗಳು ಪ್ರಶ್ನೆ ಮುಗಿಯುವ ಮೊದಲೇ ಗುದ್ದುತ್ತಿದ್ದರು. ಆಮೇಲೆ ಬಂದಳು ಜೈತುನಬಿ ನದಾಫ.

ಜೈತುನಬಿಯದು ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ. ಅಪ್ಪನಿಂದ ಬಂದ ಕಸುಬು. ನಲವತ್ತು ದಾಟಿದ ಹೆಂಗಸು, ಬೆರಳಿನ ಸಂದಿಯಲ್ಲೆಲ್ಲ ಒಣಗಿದ ಅಂಟು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಬಿಚ್ಚಿದ ಪುಸ್ತಕಗಳನ್ನು ಹೊಲಿಯುವ ಮುಂಚೆ ಒಂದೊಂದೇ ಹಾಳೆ ಓದಿಕೊಂಡು ಊರಿನ ಲೈಬ್ರರಿಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು. ಇಂಗ್ಲಿಷ್ ವಿಶ್ವಕೋಶವನ್ನು ಮಾತ್ರ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮೂರು ವರ್ಷ ಓದಿದಳು. ಅವಳ ಜೊತೆಗಾರ ಗುರುಸಿದ್ದಪ್ಪ ಹಡಪದ, ರಿಟೈರಾದ ಪೋಸ್ಟ್‌ಮನ್. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು.

ಅವರಿಬ್ಬರೂ ನನ್ನ ಹಿಂದೆ ಬಂದು ಕೂತಾಗ ಸಭೆಯಲ್ಲಿ ಕಿಸಕ್ಕನೆ ನಗೆ ಎದ್ದಿತು. ವಕೀಲ ಕುಷ್ಟಗಿಯವರ ಎರಡನೇ ನಂಬರಿನ ತಂಡ ಮೂರು ವರ್ಷದಿಂದ ಶೀಲ್ಡ್ ಗೆಲ್ಲುತ್ತಿತ್ತು. ಅವರು ಪಕ್ಕದವರ ಕಿವಿಯಲ್ಲಿ, "ಅಂಟು, ಅಂಚೆ, ಎರಡೂ ಕೂಡ್ಯಾವ" ಎಂದರು. ನನಗೆ ಕೇಳಿಸಿತು. ಜೈತುನಬಿಗೂ ಕೇಳಿಸಿತು. ಅವಳು ಅಂಗೈ ಅಗಲಿಸಿ ನನ್ನ ತಲೆಯ ಮೇಲಿಟ್ಟಳು. ಅದುವರೆಗೆ ಯಾರೂ ನನ್ನನ್ನು ಹಾಗೆ ಹಿಡಿದಿರಲಿಲ್ಲ.

ಭಾಷೆಯ ಸುತ್ತು ಬಂತು. ಸಿಳ್ಳೆಯಲ್ಲೇ ಮಾತಾಡಿಕೊಳ್ಳುವ ಜನ ಯಾವ ದ್ವೀಪದವರು? ನಾನು ಅರಚಿದೆ. "ಲಾ ಗೊಮೇರಾ," ಎಂದಳು ಜೈತುನಬಿ. ಎಂಟುನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶ? ಮತ್ತೆ ನಾನೇ. "ಪಾಪುವಾ ನ್ಯೂಗಿನಿ." ನಗುತ್ತಿದ್ದವರು ಕುರ್ಚಿ ಮುಂದೆ ಎಳೆದುಕೊಂಡರು. ಐರ್ಲೆಂಡಿನ ಸುತ್ತು ಮುಗಿಯುತ್ತ ಬಂದಾಗ ನಾಲ್ಕನೇ ತಂಡ, ಎರಡನೇ ತಂಡ ಸಮಸಮ. ಉಳಿದದ್ದು ಒಂದೇ ಪ್ರಶ್ನೆ.

ಮುಳಗುಂದ ಸರ್ ಚೀಟಿ ಎತ್ತಿದರು. "ಐರ್ಲೆಂಡಿನ ರಾಷ್ಟ್ರಲಾಂಛನ ಯಾವುದು?"

ಜೈತುನಬಿಯ ಕೈ ಬಿತ್ತು, ನನ್ನ ದೀಪ ಹತ್ತಿತು. ಈಗ ಒಂದು ವಿಷಯ ತಿಳಿದುಕೊಳ್ಳಿ. ಆ ಗೈಡಿನ ಇನ್ನೂರು ಪ್ರತಿಗಳಿಗೆ ರಟ್ಟು ಹಾಕಿದವಳು ಅವಳೇ. ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶ್ಯಾಮ್‌ರಾಕ್ ಎಂದು ಒಂದು ಮಾತು ಅಂದರೆ ಶೀಲ್ಡ್ ಅವಳದು. ಗೆದ್ದವರ ಹೆಸರನ್ನು ಲೈಬ್ರರಿಯ ಗೋಡೆಯ ಹಲಗೆಯ ಮೇಲೆ ಬರೆಸುತ್ತಿದ್ದರು. ಆ ಲೈಬ್ರರಿಯ ಪ್ರತಿ ಪುಸ್ತಕದ ಬೆನ್ನು ಕಟ್ಟಿದವಳ ಹೆಸರು ಅಲ್ಲಿ ಎಲ್ಲೂ ಇರಲಿಲ್ಲ. ಹಲಗೆಯ ಮೇಲೆ ಒಂದು ಸಲ ಹೆಸರು ಬರಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳೆಂದು ನನಗೆ ಆ ಅಂಗೈಯ ಬೆವರಿನಿಂದಲೇ ತಿಳಿಯಿತು. ನಾನೇ ಆಗಿದ್ದರೆ ಶ್ಯಾಮ್‌ರಾಕ್ ಎಂದುಬಿಡುತ್ತಿದ್ದೆನೇನೋ. ಸುಳ್ಳು ಯಾಕೆ ಹೇಳಲಿ?

"ಹಾರ್ಪ್," ಎಂದಳು ಅವಳು.

"ತಪ್ಪು. ಪ್ರಶ್ನೆ ಉಳಿದವರಿಗೆ," ಎಂದರು ಸರ್.

"ತಪ್ಪಲ್ರಿ ಸರ್. ಅವರ ನಾಣ್ಯದ ಮ್ಯಾಲೆ ಹಾರ್ಪ್ ಐತಿ. ವಿಶ್ವಕೋಶದಾಗ ಬರದಾರ. ಶ್ಯಾಮ್‌ರಾಕ್ ಜನ ಪ್ರೀತಿಲೆ ಇಟ್ಕೊಂಡ ಗುರುತು, ಲಾಂಛನ ಅಲ್ಲ."

"ಚೀಟ್ಯಾಗ ಏನೈತಿ ಅದs ಉತ್ತರ. ಕೈ ತಗೀವಾ."

"ತಗ್ಯಾಂಗಿಲ್ರಿ."

ಅವಳು ತೆಗೆಯಲಿಲ್ಲ. ನಾನು ಕೂಗುತ್ತಲೇ ಇದ್ದೆ. ನಾನು ಕೂಗುತ್ತಿರುವವರೆಗೆ ಮಿಕ್ಕ ಐವರು ಉಸಿರೆತ್ತುವಂತಿರಲಿಲ್ಲ. ವಕೀಲರು ತಮ್ಮ ಗುಂಡಿಯನ್ನು ಒತ್ತಿದರು, ಒತ್ತಿದರು, ಮುಷ್ಟಿಯಿಂದ ಗುದ್ದಿದರು. ನಮ್ಮ ಎರಡನೇ ಅಣ್ಣ ತುಟಿ ಬಿಚ್ಚಲಿಲ್ಲ. ಜನ ಕಿವಿ ಮುಚ್ಚಿಕೊಂಡರು. ಮುಖ್ಯ ಅತಿಥಿಗಳು ಎದ್ದು ನಿಂತರು. ನನ್ನ ಗಂಟಲು ಕಾದು ಹೊಗೆ ವಾಸನೆ ಬರತೊಡಗಿತು. ಸುಟ್ಟರೆ ಸುಡಲಿ ಎಂದುಕೊಂಡೆ. ಇಷ್ಟು ವರ್ಷ ಯಾರ್‍ಯಾರದೋ ಬಾಯಿಪಾಠಕ್ಕೆ ಕೂಗಿದ್ದೇನೆ, ಇವತ್ತೊಂದು ದಿನ ನಿಜಕ್ಕೆ ಕೂಗುತ್ತೇನೆ.

ಗುರುಸಿದ್ದಪ್ಪ ಎದ್ದು ನಿಂತು ನನ್ನ ಕೂಗಿನ ಮೇಲೆ ಕೂಗಿದ. "ಮಿಸ್ಸಬಾಯಾರಿಗೆ ಅವರ ಸರ್ಕಾರದ ಲಕೋಟಿ ನಾನs ಕೊಟ್ಟಬಂದೀನ್ರಿ, ಇಪ್ಪತ್ತ ವರ್ಷ! ಎಲ್ಲಾ ಲಕೋಟಿ ಮ್ಯಾಲೂ ತಂತೀ ವಾದ್ಯನ ಇತ್ತು. ಒಂದರ ಮ್ಯಾಲರ ಸೊಪ್ಪು ನೋಡಿದ್ರ ನನ್ನ ಕಣ್ಣ ಹೋಗ್ಲಿ!"

ಕೊನೆಗೆ ಯಾರೋ ಗೋಡೆಯ ಹತ್ತಿರ ಹೋಗಿ ನಮ್ಮ ಪ್ಲಗ್ಗನ್ನೇ ಕಿತ್ತರು. ನಾನು ಸುಮ್ಮನಾದೆ. ಜೈತುನಬಿಯ ಕೈ ಆಗಲೂ ನನ್ನ ಮೇಲೇ ಇತ್ತು. ಸರ್ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಎರಡನೇ ತಂಡಕ್ಕೆ ದಾಟಿಸಿದರು. ವಕೀಲರು "ಶ್ಯಾಮ್‌ರಾಕ್" ಎಂದರು, ಶೀಲ್ಡ್ ಎತ್ತಿಕೊಂಡರು. ಚಪ್ಪಾಳೆ ಬಿತ್ತು, ಆದರೆ ತೆಳ್ಳಗೆ. ಸಭೆಯಲ್ಲಿ ಗದ್ದಲ ಮಾಡಿದ್ದಕ್ಕೆ ನದಾಫ ಮತ್ತು ಹಡಪದ ಇವರನ್ನು ಎರಡು ವರ್ಷ ಸ್ಪರ್ಧೆಯಿಂದ ಹೊರಗಿಡಲಾಗಿದೆ ಎಂದು ಅಲ್ಲೇ ಸಾರಿದರು.

ಗೈಡಿನ ಹೊಸ ಆವೃತ್ತಿಗೆ ರಟ್ಟು ಹಾಕಿಸಲು ಸರ್ ಮತ್ತೆ ಅವಳ ಅಂಗಡಿಗೇ ಹಾಳೆ ಕಳಿಸಿದರಂತೆ. ಅವಳು ಅಷ್ಟನ್ನೂ ವಾಪಸು ಕಳಿಸಿ, "ಸುಳ್ಳಿಗೆ ನಾ ರಟ್ಟು ಹಾಕಾಂಗಿಲ್ಲ ಅಂತ ಹೇಳು" ಎಂದಳಂತೆ. ಬಳಗದ ಜವಾನ ನಮ್ಮ ಧೂಳು ಒರೆಸುತ್ತ ಇದನ್ನು ಯಾರಿಗೋ ಹೇಳಿದ. ಇನ್ನೊಂದು ಮಾತನ್ನೂ ಹೇಳಿದ. ಲೈಬ್ರರಿಯಲ್ಲಿ ಐರ್ಲೆಂಡಿನ ವಿಷಯವಿದ್ದ ವಿಶ್ವಕೋಶದ ಸಂಪುಟಕ್ಕೆ ಸರದಿ ಹತ್ತಿದೆಯಂತೆ. ಬ್ಯಾಂಕಿನವರು ಬಂದು ನೋಡಿದರು, ದಲಾಲಿಗಳು ಬಂದು ನೋಡಿದರು. ವಕೀಲ ಕುಷ್ಟಗಿಯವರು ಎರಡು ಸಲ ಬಂದು ಅದೇ ಪುಟ ಓದಿ ಹೋದರಂತೆ.

ಮುಂದಿನ ವರ್ಷ ಮತ್ತೆ ಅದೇ ಸಭಾಂಗಣ. ನನ್ನ ಹಿಂದೆ ಇಬ್ಬರು ಕಾಲೇಜು ಹುಡುಗಿಯರು. ಜೈತುನಬಿ ಕೊನೆಯ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಗುರುಸಿದ್ದಪ್ಪ. ಆಡುವುದಕ್ಕೆ ಬಹಿಷ್ಕಾರ, ನೋಡುವುದಕ್ಕೆ ಇಲ್ಲವಲ್ಲ! ಈ ಸಲವೂ ಕೊನೆಗೆ ಎರಡು ತಂಡ ಸಮಸಮ ಬಂದವು, ವಕೀಲರದ್ದು ಮತ್ತು ನನ್ನ ಹುಡುಗಿಯರದ್ದು. ಸರ್ ಪೆಟ್ಟಿಗೆಯಲ್ಲಿ ಕೈ ಆಡಿಸಲೇ ಇಲ್ಲ. ಅಂಗಿಯ ಜೇಬಿನಿಂದ ಚೀಟಿ ತೆಗೆದರು. ಹಠಕ್ಕೆ ಬಿದ್ದಿದ್ದರು ಪುಣ್ಯಾತ್ಮರು. ಊರವರೆಲ್ಲರ ಬಾಯಿ ಒಮ್ಮೆ ಮುಚ್ಚಿಸಬೇಕಿತ್ತು ಅವರಿಗೆ.

"ಐರ್ಲೆಂಡಿನ ರಾಷ್ಟ್ರಲಾಂಛನ ಯಾವುದು? ಹತ್ತು ಸೆಕೆಂಡು."

ನನ್ನ ಮೇಲೆ ಒಂದು ಎಳೇ ಕೈ ಇತ್ತು. ಗೈಡಿನ ಉತ್ತರ ಆ ಹುಡುಗಿಗೆ ಬರುತ್ತಿತ್ತು, ನಿಜದ ಉತ್ತರವೂ ಬರುತ್ತಿತ್ತು. ಒಂದು ಹೇಳಿದರೆ ಶೀಲ್ಡ್, ಇನ್ನೊಂದು ಹೇಳಿದರೆ ಎರಡು ವರ್ಷ ಮನೆ. ಅವಳು ಪಕ್ಕದ ಗೆಳತಿಯ ಮುಖ ನೋಡಿದಳು, ಆಮೇಲೆ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಒಂದನೇ ನಂಬರಿನ ಬ್ಯಾಂಕಿನವರು ಕೈ ಕಟ್ಟಿ ಕೂತರು. ಮೂರನೆಯವರು, ಐದನೆಯವರು, ಆರನೆಯವರು ಮೇಜು ನೋಡುತ್ತಿದ್ದರು. ವಕೀಲ ಕುಷ್ಟಗಿಯವರ ಬೆರಳು ಗುಂಡಿಯ ಮೇಲೆ ಬಂತು. ಬಂದದ್ದು ಅಲ್ಲೇ ನಿಂತಿತು. ಅವರು ಹಿಂದೆ ತಿರುಗಿ ಕೊನೆಯ ಸಾಲನ್ನು ಒಮ್ಮೆ ನೋಡಿದರು, ಬೆರಳು ಎತ್ತಿ ಕನ್ನಡಕ ಸರಿಮಾಡಿಕೊಂಡರು.

ಹತ್ತು ಸೆಕೆಂಡು ಮುಗಿಯಿತು. ಯಾರೂ ಒತ್ತಲಿಲ್ಲ.

"ಯಾರಿಗೂ ಬರೂದಿಲ್ಲೇನು?" ಎಂದರು ಸರ್. ದನಿ ಸಣ್ಣಗಾಗಿತ್ತು. ಅವರು ಚೀಟಿಯನ್ನು ಮಡಚಿದರು, ಇನ್ನೂ ಮಡಚಿದರು. "ಪ್ರಶ್ನೆ ರದ್ದು," ಎಂದು ಕೂತುಬಿಟ್ಟರು. ಆ ವರ್ಷದ ಶೀಲ್ಡ್ ಕಪಾಟಿನಲ್ಲೇ ಉಳಿಯಿತು. ತಪ್ಪಾಯಿತು ಎಂದು ಅವರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಹೇಳದಿದ್ದರೆ ಬೇಡ. ಆ ಪ್ರಶ್ನೆಯನ್ನು ಮತ್ತೆಂದೂ ಕೇಳುವ ಧೈರ್ಯ ಅವರಿಗಾಗಲಿಲ್ಲ, ನನಗೆ ಅಷ್ಟು ಸಾಕು.

ಈಗ ನಾನು ಮುದುಕ. ಪೇಟೆಯಿಂದ ತಂತಿಯಿಲ್ಲದ ಹೊಸ ಬಜರುಗಳು ಬಂದಿವೆ. ಮುಟ್ಟಿದರೆ ಸಾಕು, ಸಿನಿಮಾ ಹಾಡಿನ ರಾಗ ಬರುತ್ತದೆ. ನಾವು ಆರು ಜನ ಗುಜರಿಯವನ ತಕ್ಕಡಿ ಪಕ್ಕದಲ್ಲಿ ಚೀಲದೊಳಗೆ ಬಿದ್ದಿದ್ದೇವೆ. ನಾಳೆಯೋ ನಾಡಿದ್ದೋ ತಾಮ್ರ ಬೇರೆ, ಕಟ್ಟಿಗೆ ಬೇರೆ ಮಾಡುತ್ತಾರಂತೆ. ಮಾಡಲಿ, ನನಗೇನೂ ಅಂಜಿಕೆಯಿಲ್ಲ. ನನ್ನನ್ನು ಕೂಗುವುದಕ್ಕೆಂದೇ ಹುಟ್ಟಿಸಿದರು, ಇಪ್ಪತ್ತೆರಡು ವರ್ಷ ಗಂಟಲು ಹರಿಯುವಷ್ಟು ಕೂಗಿದ್ದೇನೆ. ಆದರೆ ನೀನು ಮಾಡಿದ ದೊಡ್ಡ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಆ ಹತ್ತು ಸೆಕೆಂಡು, ಗದಗಿನ ಆರು ತಂಡಗಳ ಎದುರಿಗೆ, ನಾವು ಆರೂ ಜನ ಅಣ್ಣತಮ್ಮಂದಿರು ಬಾಯಿ ಬಿಡದೆ ಕೂತೆವು.