ಕನ್ನಡಿಯ ಜಾಗದಲ್ಲಿ

ನಾನು ಒಂದು ಕುಂಚ. ನನ್ನ ತುದಿ ಅಳಿಲಿನ ಬಾಲದ ಕೂದಲು, ಹಿಡಿ ಬಿದಿರಿನ ಕಡ್ಡಿ. ಎರಡನ್ನೂ ಕೂಡಿಸಿರುವುದು ಪಾರಿವಾಳದ ಗರಿಯ ಟೊಳ್ಳು ದಂಟು.

ನಾನು ಹುಟ್ಟಿದ್ದೇ ಹೆದರಿಕೆಯೊಳಗೆ. ಮೈಸೂರಿನ ಹಳೆಯ ಓಣಿಯೊಂದರಲ್ಲಿ ನಂಜುಂಡಾಚಾರ್ ಎಂಬ ಚಿತ್ರಗಾರರಿದ್ದರು. ಅವರು ಹಿತ್ತಲಿನಲ್ಲಿ ಬುಟ್ಟಿ ಕವುಚಿ ಒಂದು ಅಳಿಲನ್ನು ಹಿಡಿದು, ಬಟ್ಟೆಯಲ್ಲಿ ಸುತ್ತಿ, ಬಾಲದಿಂದ ಒಂದು ಚಿಟಿಕೆ ಕೂದಲು ಕತ್ತರಿಸಿಕೊಂಡರು. ಆಮೇಲೆ "ತಪ್ಪಾಯ್ತಪ್ಪ, ರಾಮದೇವರು ಮುಟ್ಟಿದ ಮೈ ನಿಂದು" ಎಂದು ಕೈಮುಗಿದು ಬಿಟ್ಟುಬಿಟ್ಟರು. ಅಳಿಲು ಗೋಡೆ ಹತ್ತಿ ಮಾಯವಾಯಿತು. ಅದರ ಎದೆಯ ನಡುಕ ಮಾತ್ರ ಆ ಕೂದಲಿನಲ್ಲಿ ಉಳಿದು ನನ್ನ ಪಾಲಿಗೆ ಬಂತು.

ನನ್ನ ಜೊತೆಯ ಕುಂಚಗಳಿಗೆ ಸೀರೆಯ ಅಂಚು, ಮರದ ಎಲೆ, ಮೋಡ, ನವಿಲು ಎಂದು ಬೇಕಾದಷ್ಟು ಕೆಲಸ. ನನಗಿದ್ದದ್ದು ಒಂದೇ. ದೇವರ ಚಿತ್ರಕ್ಕೆ ಬಣ್ಣ ತುಂಬಿ, ಚಿನ್ನದ ರೇಕು ಅಂಟಿಸಿ, ಎಲ್ಲ ಮುಗಿದ ಮೇಲೂ ಕಣ್ಣಿನ ಜಾಗ ಬೆಳ್ಳಗೇ ಇರುತ್ತದೆ. ಒಳ್ಳೆಯ ಗಳಿಗೆ ನೋಡಿ, ಮಿಂದು ಮಡಿಯುಟ್ಟು, ದೀಪ ಹಚ್ಚಿ, ದೀಪದ ಕಪ್ಪಿನಿಂದಲೇ ಪಾಪೆ ಇಡಬೇಕು. ಆ ಮನೆಯವರು ಅದಕ್ಕೆ ಕಣ್ಣು ಬಿಡಿಸುವುದು ಎನ್ನುತ್ತಿದ್ದರು. ಹೊಸದಾಗಿ ಬಿಟ್ಟ ಕಣ್ಣಿನ ಮೊದಲ ನೋಟ ಬೆಂಕಿಯಂಥದ್ದು, ಮನುಷ್ಯರು ಅದನ್ನು ತಾಳಲಾರರು ಎಂಬುದು ಅವರ ನಂಬಿಕೆ. ಆದ್ದರಿಂದ ಚಿತ್ರದ ಎದುರಿಗೆ ಮಣೆ ಹಾಕಿ ಒಂದು ಕನ್ನಡಿ ಇಡುತ್ತಿದ್ದರು. ದೇವರು ಮೊದಲು ತನ್ನನ್ನು ತಾನೇ ನೋಡಿಕೊಳ್ಳಬೇಕು. ಬರೆಯುವವರು ಪಕ್ಕಕ್ಕೆ ಕುಳಿತು ಓರೆಯಾಗಿ ಕೈ ಚಾಚಬೇಕು. ಎದುರಿಗೆ ಒಂದು ಬೆಕ್ಕೂ ಸುಳಿಯುವಂತಿರಲಿಲ್ಲ.

ನಂಜುಂಡಾಚಾರ್ಯರಿಗೆ ಕೈ ನಡುಗುವ ಕಾಲ ಬಂದಾಗ ನನ್ನನ್ನು ತಮ್ಮ ಶಿಷ್ಯ ಗವಿರಂಗಾಚಾರ್ಯರ ಕೈಗೆ ಕೊಟ್ಟರು. ಗವಿರಂಗಾಚಾರ್ಯರ ಬೆರಳುಗಳು ಒರಟು, ಆದರೆ ನನ್ನನ್ನು ಹಿಡಿದಾಗ ಹತ್ತಿಯಂತೆ ಹಗುರಾಗುತ್ತಿದ್ದವು. ಅವರ ಕೈಯಲ್ಲಿ ನಾನು ಎಷ್ಟು ಶಾರದೆಯರಿಗೆ, ಎಷ್ಟು ಕೃಷ್ಣರಿಗೆ ಕಣ್ಣು ಕೊಟ್ಟೆನೋ ಲೆಕ್ಕವಿಟ್ಟವರಿಲ್ಲ. ಪ್ರತಿ ಸಲವೂ ನನಗೆ ಹೆದರಿಕೆಯೇ. ಒಂದು ಕೂದಲು ಆಚೀಚೆಯಾದರೆ ದೇವರೇ ಬೇರೆಯಾಗಿಬಿಡುತ್ತಾನೆ.

ಅವರ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವರು ಮತ್ತು ಮಗಳು ವೇದಾವತಿ, ಇಬ್ಬರೇ. ವೇದಾವತಿ ಒಡವೆ, ಜರತಾರಿ, ಹೂಮಾಲೆ ಎಲ್ಲವನ್ನೂ ಅಪ್ಪನಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಕಣ್ಣನ್ನು ಮಾತ್ರ ಒಮ್ಮೆಯೂ ಬಿಡಿಸಿದವಳಲ್ಲ. ಯಾರೂ ಬೇಡವೆಂದಿರಲಿಲ್ಲ. ನನ್ನನ್ನು ಕಂಡರೇ ಅವಳಿಗೆ ಅಂಜಿಕೆ.

ಒಂದು ವರ್ಷ ಊರಿನ ಚಿತ್ರಗಾರರ ಬಳಗ ದೊಡ್ಡ ಪ್ರದರ್ಶನ ಮಾಡುವುದೆಂದು ನಿಶ್ಚಯವಾಯಿತು. ಗವಿರಂಗಾಚಾರ್ಯರು ಅದಕ್ಕಾಗಿ ಕಂಬ ಒಡೆದು ಹೊರಬರುವ ಉಗ್ರನರಸಿಂಹನನ್ನು ಬರೆಯತೊಡಗಿದರು.

"ಮನೇಲಿ ಉಗ್ರಸ್ವಾಮೀನ ಇಟ್ಕೋಬಾರ್ದು ಅಂತಾರಲ್ಲ ಅಪ್ಪಾಜಿ?" ಎಂದಳು ವೇದಾವತಿ.

"ಇಲ್ಲಿರೋ ತನಕ ಅವನಿಗೆ ಕಣ್ಣಿಲ್ವಲ್ಲೇ. ಪ್ರದರ್ಶನದ ಹಾಲಲ್ಲಿ ಬಿಡಿಸೋಣ, ಅಲ್ಲಿಂದ ಹಂಗೇ ದೇವಸ್ಥಾನಕ್ಕೆ ಹೋಗ್ತಾನೆ."

ಅಷ್ಟರಲ್ಲಿ ಆ ರೋಗ ಬಂತು. ಬೀದಿ ಬಿಕೋ ಎಂದಿತು. ಹಾಲಿಗೆ ಬೀಗ ಬಿತ್ತು, ಪ್ರದರ್ಶನ ರದ್ದಾಯಿತು. ಕಣ್ಣಿಲ್ಲದ ನರಸಿಂಹ ಗೋಡೆಗೆ ಒರಗಿ ನಿಂತ. ಜಾಡಿಯಲ್ಲಿದ್ದ ನನಗೆ ಹಗಲಿನಲ್ಲೂ ಆ ಎರಡು ಬಿಳಿಯ ಜಾಗಗಳನ್ನು ನೋಡಲು ಭಯವಾಗುತ್ತಿತ್ತು.

ಬಳಗದ ಹಿರಿಯರು ಬೋರಲಿಂಗಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಎಲ್ಲರಿಗೂ ಫೋನು ಮಾಡಿದರು. "ಹಾಲಿನ ಬಾಗ್ಲು ಹಾಕಿದ್ರೆ ಹಾಕ್ಲಿ. ದಿನಾ ಸಂಜೆ ಒಬ್ಬೊಬ್ರು ಮೊಬೈಲಲ್ಲೇ ಚಿತ್ರ ತೋರ್ಸಿ. ಎಲ್ರೂ ಅವರವರ ಮನೇಲೇ ಕೂತು ನೋಡೋಣ."

ಹೀಗೆ ನಮ್ಮ ಮನೆಯ ಚಾಪೆಯ ಮೇಲೆ ಸಂಜೆಯ ಪ್ರದರ್ಶನ ಶುರುವಾಯಿತು. ಅಂಗೈಯಗಲದ ಗಾಜಿನೊಳಗೆ ಚೌಕ ಚೌಕವಾಗಿ ಎಲ್ಲರ ಮುಖ. ಜಲವರ್ಣದ ಸುಬ್ಬಣ್ಣ ಮೊದಲ ದಿನ ಮೊಬೈಲನ್ನು ಮೇಲ್ಮುಖವಾಗಿ ಹಿಡಿದು ತನ್ನ ಚಾಮುಂಡಿಬೆಟ್ಟವನ್ನು ವರ್ಣಿಸುತ್ತಲೇ ಹೋದ.

"ಫ್ಯಾನ್ ಭಾಳ ಚೆನ್ನಾಗಿ ಬಂದಿದೆ ಸುಬ್ಬಣ್ಣ, ರೆಕ್ಕೆ ಮೇಲಿನ ಧೂಳು ಸಮೇತ ಬರ್ದಿದೀಯ" ಎಂದರು ಗವಿರಂಗಾಚಾರ್. ಗಾಜಿನೊಳಗಿನ ಚೌಕಗಳೆಲ್ಲ ನಕ್ಕವು. ಆ ಮನೆಯಲ್ಲಿ ನಾನು ಕೇಳಿದ ಅವರ ಕೊನೆಯ ತಮಾಷೆ ಅದು.

ಮೂರು ದಿನಕ್ಕೆ ಅವರಿಗೆ ಜ್ವರ ಬಂತು. ಆಮೇಲೆ ಉಸಿರು ಕಟ್ಟತೊಡಗಿತು. ಮುಖ ಮೈ ಮುಚ್ಚಿಕೊಂಡವರು ಬಂದು ಅವರನ್ನು ಗಾಡಿಗೆ ಹತ್ತಿಸಿದರು. ವೇದಾವತಿ ಹೊಸ್ತಿಲು ದಾಟುವಂತಿರಲಿಲ್ಲ. ಅವರ ಚಪ್ಪಲಿ ಜಗಲಿಯಲ್ಲೇ ಉಳಿಯಿತು.

ಆಸ್ಪತ್ರೆಯಿಂದ ಒಂದು ಮಧ್ಯಾಹ್ನ ಅವರೇ ಫೋನು ಮಾಡಿದರು. ಸ್ವರ ಸೀಳುಬಿದ್ದ ಕೊಳಲಿನಂತಿತ್ತು.

"ವೇದಾ, ಶುಕ್ರವಾರ ನನ್ ಸರದಿ. ನೀನೇ ಕಣ್ಣು ಬಿಡ್ಸು."

"ನನ್ ಕೈಲಾಗಲ್ಲ ಅಪ್ಪಾಜಿ. ನೀವು ಬನ್ನಿ, ಆಮೇಲೆ."

"ನಾನು ಬರೋ ತನಕ ಸ್ವಾಮಿ ಕುರುಡಾಗಿ ಕೂತಿರ್ಬೇಕೇನೇ? ನೋಡ್ಬೇಕು ಅಂತ ಆಸೆ ಕಣೆ ನಂಗೆ. ಸಿಸ್ಟರು ಮೊಬೈಲ್ ಹಿಡ್ಕೋತಾರಂತೆ."

ಅವಳು ಹೂಂ ಎಂದಳು. ಫೋನಿಟ್ಟ ಮೇಲೆ ನಡುಮನೆಯಲ್ಲಿ ಒಬ್ಬಳೇ ಕುಳಿತು ದೇವರನ್ನು ಕೇಳಿಕೊಂಡಳು: "ಕಣ್ಣು ಕೊಡ್ತೀನಿ, ಅಪ್ಪನ್ನ ಕೊಡು." ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಶುಕ್ರವಾರ ಸಂಜೆ ಅವಳು ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ದೀಪ ಹಚ್ಚಿದಳು. ಚಿತ್ರದ ಎದುರಿಗೆ ಮಣೆ ಹಾಕಿ ಕನ್ನಡಿ ಇಟ್ಟಳು. ಮೊಬೈಲನ್ನು ಪಕ್ಕದಲ್ಲಿ ಚೊಂಬಿಗೆ ಒರಗಿಸಿದಳು. ಮುಖಗಳು ಒಂದೊಂದಾಗಿ ಮೂಡಿದವು. ಮೂಲೆಯ ಚೌಕದಲ್ಲಿ ಅವಳ ಅಪ್ಪ, ಮೂಗುಬಾಯಿಯ ಮೇಲೆ ಗಾಳಿಯ ಮುಖವಾಡ, ಮೇಲೆ ಎರಡು ಗುಳಿಬಿದ್ದ ಕಣ್ಣು.

"ಏನೂ ಕಾಣ್ತಿಲ್ಲಮ್ಮ, ಬರೀ ಚಿತ್ರದ ಅಂಚು" ಎಂದರು ಬೋರಲಿಂಗಯ್ಯ. "ಆ ಕನ್ನಡಿ ಬೇರೆ ಟ್ಯೂಬ್‌ಲೈಟ್ ಹೊಡೀತಾ ಇದೆ. ತೆಗ್ದುಬಿಡು ಅದನ್ನ. ನೇರ ಎದುರಿಗೆ ಇಡು ಮೊಬೈಲ್ನ. ಹಾಂ, ಎಲ್ರೂ ಸೌಂಡ್ ಆಫ್ ಮಾಡ್ಕೊಳಿ. ವೇದಾವತಿಗೆ ಗಲಾಟೆ ಆಗ್ಬಾರ್ದು."

ಅವಳ ಗಮನವೆಲ್ಲ ಮೂಲೆಯ ಆ ಚೌಕದ ಮೇಲಿತ್ತು. ಅಪ್ಪನಿಗೆ ಕಾಣಬೇಕು ಎಂಬುದೊಂದೇ ತಲೆಯಲ್ಲಿ. ಕನ್ನಡಿ ತೆಗೆದು ಬಾಗಿಲ ಮರೆಗೆ ಸರಿಸಿದಳು. ಮಣೆಯ ಮೇಲೆ, ಕನ್ನಡಿಯಿದ್ದ ಜಾಗದಲ್ಲೇ, ಚೊಂಬನ್ನೂ ಮೊಬೈಲನ್ನೂ ಇಟ್ಟಳು. ನಾನು ಅವಳ ಬೆರಳ ನಡುವೆ ಇದ್ದೆ. ಬೇಡ ಮಗಳೇ ಎನ್ನಲು ನನಗೆ ಬಾಯಿಲ್ಲ.

ಅವಳು ಪಕ್ಕಕ್ಕೆ ಕುಳಿತು, ದೀಪದ ಕಪ್ಪಿನಲ್ಲಿ ನನ್ನನ್ನು ಅದ್ದಿ, ಓರೆಯಾಗಿ ಕೈ ಚಾಚಿದಳು. ಬಲಗಣ್ಣು. ನಡುಗುವ ಕೈಯಲ್ಲಿ ನಾನು ತುಸು ಜಾರಿದೆ, ಅವಳು ಕುಳಿತ ಕಡೆಗೆ. ಓರೆಯಿಂದ ನೋಡುತ್ತಿದ್ದ ಅವಳಿಗೆ ಅದು ತಿಳಿಯಲಿಲ್ಲ. ಅದಕ್ಕೆ ಜೋಡಿಯಾಗಿ ಎಡಗಣ್ಣು. ನರಸಿಂಹ ಕಣ್ಣು ಬಿಟ್ಟ.

ಕೈ ಹಿಂದಕ್ಕೆ ತೆಗೆದು ಅವಳು ಮೊಬೈಲಿನ ಕಡೆ ತಿರುಗಿದಳು. ಅಪ್ಪನ ತುಟಿ ಮುಖವಾಡದೊಳಗೆ ಅಲ್ಲಾಡುತ್ತಿತ್ತು. ಸೂಜಿ ಚುಚ್ಚಿದ ಕೈ ಹಾಸಿಗೆಯ ಮೇಲಿತ್ತು, ಇನ್ನೊಂದು ಕೈಯನ್ನು ಮೇಲೆತ್ತಿ ಅಂಗೈ ಅಡ್ಡ ಹಿಡಿದು ಆಡಿಸುತ್ತಿದ್ದರು. ಬೇಡ, ಬೇಡ ಎನ್ನುವಂತೆ.

ಆಗ ಅವಳಿಗೆ ಹೊಳೆಯಿತು. ಕನ್ನಡಿಯ ಜಾಗದಲ್ಲಿ ತಾನು ಇಟ್ಟದ್ದು ಕನ್ನಡಿಯಲ್ಲ. ಅಲ್ಲಿ ತನ್ನ ಅಪ್ಪನಿದ್ದಾನೆ.

ನಾನು ಅವಳ ಕೈಯಿಂದ ಕೆಳಗೆ ಬಿದ್ದೆ. "ಅಪ್ಪಾಜಿ!" ಎಂದು ಅವಳು ಕೂಗುವಷ್ಟರಲ್ಲಿ ಆ ಚೌಕ ಕಪ್ಪಾಯಿತು. ಉಳಿದ ಚೌಕಗಳಲ್ಲಿ ಎಲ್ಲರೂ ಶಬ್ದವಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದರು.

ಅವಳು ಓಡಿಹೋಗಿ ಕನ್ನಡಿ ತಂದು ಎದುರಿಗೆ ಹಿಡಿದಳು. ತೋಳು ಸೋಲುವವರೆಗೆ ಹಿಡಿದೇ ಇದ್ದಳು. ಆಮೇಲೆ ಚಿತ್ರದ ಮೇಲೆ ಅಪ್ಪನ ಪಂಚೆ ಹೊದಿಸಿ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಫೋನು ಸದ್ದು ಮಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಸುಮ್ಮನಿದ್ದರೆ ಅದನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಭಾನುವಾರ ಸುದ್ದಿ ಬಂತು. ದೇಹವನ್ನು ಮನೆಗೆ ಕೊಡಲಿಲ್ಲ. ಆಸ್ಪತ್ರೆಯವರೇ ಎಲ್ಲ ಮುಗಿಸಿದರು.

ಬೋರಲಿಂಗಯ್ಯನವರು ಬಂದು ಗೇಟಿನ ಹೊರಗೇ ನಿಂತರು. "ರೋಗದಿಂದ ಹೋದ್ರು ಕಣಮ್ಮ. ನಿಂದೇನೂ ತಪ್ಪಿಲ್ಲ" ಎಂದರು.

"ಕೈ ಅಡ್ಡ ಹಿಡಿದ್ರು ಮೇಷ್ಟ್ರೇ. ನೀವೂ ನೋಡಿದ್ರಿ."

ಅವರು ತಲೆ ತಗ್ಗಿಸಿದರು. ಕನ್ನಡಿ ತೆಗೆ ಎಂದದ್ದು ಅವರೇ ತಾನೆ.

ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಚಿತ್ರವನ್ನೂ ನನ್ನನ್ನೂ ಕಾವೇರಿಗೆ ಹಾಕಿಬಿಡುವುದು, ಇನ್ನು ಈ ಜನ್ಮದಲ್ಲಿ ಕುಂಚ ಮುಟ್ಟುವುದಿಲ್ಲ. ನಮ್ಮಿಬ್ಬರನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಳು. ಆ ಗಂಟಿನ ಕತ್ತಲೆಯಲ್ಲಿ, ಉಗ್ರಸ್ವಾಮಿಯ ಮುಖಕ್ಕೆ ಒತ್ತಿಕೊಂಡು, ನಾನು ಹೊಳೆಯ ನೀರಿಗಾಗಿ ಕಾದೆ.

ಹೊರಡುವ ಹೊತ್ತಿಗೆ ಫೋನು ಬಂತು. ಆಸ್ಪತ್ರೆಯ ಸಿಸ್ಟರ್ ಪೊನ್ನವ್ವ.

"ನಿಮ್ ತಂದೆ ಕನ್ನಡಕ, ಮೊಬೈಲ್ ಇಲ್ಲೇ ಇದೆ ಕಣಮ್ಮ. ಬಂದು ತಗೊಂಡ್ಹೋಗಿ."

ವೇದಾವತಿ ಕೇಳಿದಳು. "ಸಿಸ್ಟರ್, ಆವತ್ತು ಮೊಬೈಲ್ ಹಿಡ್ಕೊಂಡಿದ್ದು ನೀವಾ? ಅಪ್ಪ ಬೇಡ ಬೇಡ ಅಂತಿದ್ರಾ?"

"ಬೇಡ ಅಂತಾನಾ? ಅಯ್ಯೋ, ಅದಲ್ಲಮ್ಮ. ‘ಪಾಪೆ ಪಕ್ಕಕ್ಕೆ ಹೋಯ್ತು, ಈ ಕಡೆ ತಾ, ಈ ಕಡೆ ತಾ’ ಅಂತ ಕೈ ಆಡಿಸ್ತಾ ಇದ್ರು. ಸೌಂಡ್ ಆಫ್ ಇದೆ ತಾತ, ಅವ್ರಿಗೆ ಕೇಳಲ್ಲ ಅಂದ್ರೆ ನನಗೇ ಬೈದ್ರು. ಅಷ್ಟ್ರಲ್ಲಿ ಚಾರ್ಜ್ ಬೇರೆ ಹೋಯ್ತು."

"ಆಮೇಲೆ?"

"ಆಮೇಲೆ ನಗಾಡಿದ್ರು. ‘ಎದುರಿಗೆ ಇಷ್ಟು ಜನ ಇದೀವಿ, ಸ್ವಾಮಿ ನಮ್ಮನ್ನ ನೋಡ್ಲೇ ಇಲ್ಲ ಸಿಸ್ಟರ್, ಪಕ್ಕದಲ್ಲಿ ಕೂತಿರೋ ನನ್ ಮಗಳನ್ನ ನೋಡ್ತಿದಾನೆ. ನೋಡ್ಲಿ ಬಿಡಿ, ಅವನ ಉಗ್ರ ಇಳಿದಿದ್ದೂ ಒಂದು ಮಗು ಮುಖ ನೋಡೇ ಅಲ್ವಾ’ ಅಂದ್ರು. ಎರಡು ದಿನ ಡ್ಯೂಟಿಗೆ ಬಂದೋರಿಗೆಲ್ಲ ಇದೇ ಕಥೆ ಹೇಳಿದ್ರು."

ವೇದಾವತಿ ಗಂಟು ಬಿಚ್ಚಿದಳು. ಚಿತ್ರವನ್ನು ಗೋಡೆಗೆ ಒರಗಿಸಿ, ಮೊದಲ ಸಲ ಎದುರಿಗೆ ನಿಂತು ನೋಡಿದಳು. ನಿಜ, ಸ್ವಾಮಿಯ ನೋಟ ಅವಳನ್ನು ದಾಟಿ ಪಕ್ಕಕ್ಕೆ ಹೋಗುತ್ತಿತ್ತು. ಅವಳು ಆ ದಿನ ಕುಳಿತಿದ್ದ ಜಾಗಕ್ಕೆ ಹೋಗಿ ಕುಳಿತಳು. ಅಲ್ಲಿ ಆ ಕಣ್ಣು ಅವಳಿಗೆ ಸಿಕ್ಕಿತು. ಅವಳು ಬಹಳ ಹೊತ್ತು ಅತ್ತಳು. ಅಪ್ಪ ಹೋದ ಮೇಲೆ ಅತ್ತದ್ದು ಅದೇ ಮೊದಲು.

ರೋಗ ಇಳಿದ ಮೇಲೆ ಬೋರಲಿಂಗಯ್ಯ ಚಿತ್ರ ನೋಡಲು ಬಂದರು. "ಪಾಪೆ ಸ್ವಲ್ಪ ತಿದ್ದಿದ್ರೆ ಸರಿಹೋಗ್ತಿತ್ತಲ್ಲಮ್ಮ" ಎಂದರು.

"ಇರ್ಲಿ ಬಿಡಿ ಮೇಷ್ಟ್ರೇ. ಸ್ವಾಮೀನ ದೇವಸ್ಥಾನಕ್ಕೂ ಕಳ್ಸಲ್ಲ."

ಈಗ ನನಗೆ ವಯಸ್ಸಾಗಿದೆ. ತುದಿಯಲ್ಲಿ ನಾಲ್ಕಾರು ಕೂದಲು ಉಳಿದಿವೆ, ದಂಟು ಸೀಳಿದೆ. ವೇದಾವತಿ ಕಣ್ಣು ಬಿಡಿಸಲು ಬೇರೆ ಕುಂಚ ಮಾಡಿಕೊಂಡಿದ್ದಾಳೆ. ನನ್ನನ್ನು ದೇವರ ಗೂಡಿನ ಮೂಲೆಯಲ್ಲಿ ಮಲಗಿಸಿದ್ದಾಳೆ. ಇಲ್ಲಿಂದ ನಾನು ಆ ದಿನವನ್ನು ಮತ್ತೆ ಮತ್ತೆ ಯೋಚಿಸುತ್ತೇನೆ. ಅವಳು ಧೈರ್ಯವಾಗಿ ಬರೆದಿದ್ದರೆ ಪಾಪೆ ನಡುವೆ ನಿಲ್ಲುತ್ತಿತ್ತು, ಮೊದಲ ನೋಟ ನೇರ ಎದುರಿಗೆ ಬೀಳುತ್ತಿತ್ತು. ಅವಳು ಹೆದರಿದಳು, ನಾನು ಜಾರಿದೆ. ಭಗವಂತ ತನ್ನ ಕೆಲಸವನ್ನು ಹೆದರಿದವರ ಕೈಯಲ್ಲೂ ಮಾಡಿಸಿಕೊಳ್ಳುತ್ತಾನೆ ಎಂದಷ್ಟೇ ನನಗೆ ತಿಳಿಯುತ್ತದೆ. ಅವಳ ಅಪ್ಪನನ್ನು ಏಕೆ ಉಳಿಸಿಕೊಡಲಿಲ್ಲ ಎಂಬುದು ತಿಳಿಯುವುದಿಲ್ಲ. ಕೇಳಲು ನನಗೆ ಇಂದಿಗೂ ಹೆದರಿಕೆ.

ಚಿತ್ರ ನೋಡಲು ಬಂದವರು ಎದುರಿಗೆ ನಿಂತು, ಸ್ವಾಮಿ ತಮ್ಮನ್ನು ನೋಡುತ್ತಿಲ್ಲವಲ್ಲ ಎಂದು ಅತ್ತಿತ್ತ ಸರಿದಾಡುತ್ತಾರೆ. ವೇದಾವತಿ ಪಕ್ಕದಲ್ಲಿ ಒಂದು ಚಾಪೆ ಹಾಸಿ, ಕುಳಿತುಕೊಳ್ಳಿ ಎನ್ನುತ್ತಾಳೆ.