ಹರಕೆಯ ಟಗರು

ಮಾರಿಕಣಿವೆಯ ಕಟ್ಟೆ ಕೆಲಸದ ಎತ್ತುಗಳನ್ನು ನೋಡಿಕೊಳ್ಳಲು ಬಂದಿದ್ದ ದನದ ಡಾಕ್ಟರು ಅಂದು ಕುರಿಗಾರ ಗುಡ್ಡಪ್ಪನ ಮಂದೆಗೇ ಬಂದು, ಅವನ ನಾಯಿ ಕೆಂಚನ ಕಾಲು ನೋಡಿದರು. ಚಿರತೆ ಕಚ್ಚಿದ ಗಾಯ ಕೊಳೆಯತೊಡಗಿತ್ತು.

"ಕಾಲು ಕತ್ತರಿಸಿದರೆ ಬದುಕುತ್ತೆ. ಆದರೆ ಮದ್ದಿಗೇ ಒಂದು ಟಗರಿನ ಬೆಲೆ ಆಗುತ್ತೆ," ಎಂದರು.

ಗುಡ್ಡಪ್ಪನ ಕುರಿಗಳೆಲ್ಲ ಗಬ್ಬವಾಗಿದ್ದವು. ಮಾರುವಂಥದ್ದು ಒಂದೇ ಟಗರು, ಅದೂ ದೇವರದು. ಹಿಂದೆ ಬಂಡೆ ಉರುಳಿ ಅವನ ಕಾಲು ಮುರಿದಾಗ, ಆ ಕಾಲು ಉಳಿದರೆ ಸಾಕೆಂದು ಹೆಂಡತಿ ಕಾಳಕ್ಕ ಹರಕೆ ಹೊತ್ತಿದ್ದಳು, ಇನ್ನೂ ಒಪ್ಪಿಸಿರಲಿಲ್ಲ.

"ಮೂರು ಕಾಲಿನ ನಾಯಿ ಏನ್ ಕುರಿ ಕಾಯ್ತೈತೆ? ಬೇರೆ ಮರಿ ಸಾಕಿದ್ರಾತು," ಎಂದ, ಕೆಂಚನತ್ತ ನೋಡದೆ.

ಕಾಳಕ್ಕ ಕೆಂಡವಾದಳು. "'ಕುಂಟ ಏನ್ ಕುರಿ ಕಾಯ್ತಾನೆ, ಬಾ ಮಗಳೇ, ಬೇರೆ ಗಂಡು ನೋಡ್ತೀನಿ' ಅಂತ ನಮ್ಮಪ್ಪನೂ ಅಂದಿದ್ದ. ನಾನು ಹೋದ್ನಾ?"

ಗುಡ್ಡಪ್ಪ ಕುಂಟುತ್ತ ಮಂದೆಯೊಳಗೆ ಹೋಗಿ ಟಗರಿಗೆ ಹಗ್ಗ ಹಾಕಿ ಎಳೆದು ತಂದ.

ಈಗ ಕಾಳಕ್ಕನಿಗೇ ಅಳುಕು. "ದೇವ್ರಿಗೆ ಏನಂತ ಹೇಳಾಣ?"

ಅವನು ಕೆಂಚನ ತಲೆ ಸವರಿದ.

"ಕಾಲಿಗಂತ ಹೊತ್ತಿದ್ದು, ಕಾಲಿಗೇ ಹೋತು ಅನ್ನು."